ಯೋಜಕರ ಕೊರತೆಯಲ್ಲ, ಹುದ್ದೆಗಳ ಕೊರತೆ

ಪ್ರತಿ ವರ್ಷ ನವೆಂಬರ್ 8ರಂದು ವಿಶ್ವ ನಗರ ಯೋಜನಾ ದಿನವನ್ನು ಆಚರಿಸಲಾಗುತ್ತದೆ. 1949ರಲ್ಲಿ ಅರ್ಜೆಂಟೀನಾದ ಪ್ರಾಧ್ಯಾಪಕರೊಬ್ಬರು ಆರಂಭಿಸಿದ ಈ ಆಚರಣೆಯ ಅಂಗವಾಗಿ ಯೋಜನಾ ಶಿಕ್ಷಣ ಸಂಸ್ಥೆಗಳಲ್ಲಿ ಉಪನ್ಯಾಸ, ವಿಚಾರ ಸಂಕಿರಣಗಳು ನಡೆಯುವುದು ವಾಡಿಕೆ. ನಾಳಿನ ನಗರಗಳ ಬಗ್ಗೆ ಅಲ್ಲಿ ಗಂಭೀರ ಚರ್ಚೆಯಾಗುತ್ತದೆ. ಆದರೆ ಪದವಿ ಮುಗಿಸಿದ ವಿದ್ಯಾರ್ಥಿಗೆ ಆ ನಗರಗಳನ್ನು ರೂಪಿಸುವ ಅವಕಾಶ ಸಿಗುವುದೇ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ.

ನೀತಿ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ವರದಿ ಈ ವೈರುಧ್ಯವನ್ನು ಅಂಕಿಅಂಶಗಳ ಸಹಿತ ಬಯಲು ಮಾಡಿತ್ತು. ರಾಜ್ಯಗಳ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗಳಿಗೆ 12 ಸಾವಿರಕ್ಕೂ ಹೆಚ್ಚು ಯೋಜಕರು ಬೇಕು. ಮಂಜೂರಾಗಿದ್ದ ಹುದ್ದೆಗಳು ನಾಲ್ಕು ಸಾವಿರಕ್ಕಿಂತ ಕಡಿಮೆ. ಅವುಗಳಲ್ಲಿ ಸರಿಸುಮಾರು ಅರ್ಧದಷ್ಟು ಖಾಲಿ. ದೇಶದ 7,933 ನಗರ ಪ್ರದೇಶಗಳ ಪೈಕಿ ಶೇ 65ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ. ಹಲವು ರಾಜ್ಯಗಳಲ್ಲಿ ಈ ಹುದ್ದೆಗಳಿಗೆ ಯೋಜನಾ ಪದವಿ ಕಡ್ಡಾಯ ಅರ್ಹತೆಯೂ ಅಲ್ಲವೆಂಬುದನ್ನು ವರದಿ ಎತ್ತಿ ತೋರಿಸಿತ್ತು. ಯೋಜನೆ ಓದಿದವರು ಹೊರಗುಳಿದು, ಓದದವರು ಯೋಜಕರ ಕುರ್ಚಿಯಲ್ಲಿ ಕೂರುವ ಸ್ಥಿತಿ ಹೀಗೆ ನಿರ್ಮಾಣವಾಗಿದೆ.

ವೃತ್ತಿಗೆ ಕಾನೂನಿನ ಮನ್ನಣೆ ಇಲ್ಲದಿರುವುದು ಇದಕ್ಕೊಂದು ಕಾರಣ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ಶಾಸನಬದ್ಧ ಮಂಡಳಿಯಿದೆ. ಯೋಜಕರಿಗೆ ಇರುವುದು 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆ, ಅದು ಶಾಸನಬದ್ಧವಲ್ಲ. ರಾಷ್ಟ್ರೀಯ ಮಂಡಳಿ ರಚಿಸಬೇಕೆಂದು ನೀತಿ ಆಯೋಗ ಶಿಫಾರಸು ಮಾಡಿತ್ತು. 2022–23ರ ಕೇಂದ್ರ ಬಜೆಟ್ ಐದು ಶಿಕ್ಷಣ ಸಂಸ್ಥೆಗಳವರೆಗೆ ಉತ್ಕೃಷ್ಟತಾ ಕೇಂದ್ರಗಳೆಂದು ಗುರುತಿಸಿ, ತಲಾ 250 ಕೋಟಿ ರೂಪಾಯಿ ದತ್ತಿನಿಧಿ ನೀಡುವ ಪ್ರಸ್ತಾವ ಮುಂದಿಟ್ಟಿತು. ಶಿಕ್ಷಣಕ್ಕೆ ಇದು ಸ್ವಾಗತಾರ್ಹವೇ. ಆದರೆ ಹುದ್ದೆಗಳನ್ನು ಸೃಷ್ಟಿಸಿ ತುಂಬಬೇಕಾದವು ರಾಜ್ಯ ಸರ್ಕಾರಗಳು.

ಕರ್ನಾಟಕಕ್ಕೆ ನಗರ ಯೋಜನೆ ಹೊಸತಲ್ಲ. ಮೈಸೂರಿನಲ್ಲಿ 1903ರಷ್ಟು ಹಿಂದೆಯೇ ನಗರ ಸುಧಾರಣಾ ಮಂಡಳಿ ಅಸ್ತಿತ್ವಕ್ಕೆ ಬಂದಿತ್ತು. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ರೂಪುಗೊಂಡಿತು. ಇಂಥ ಪರಂಪರೆಯಿದ್ದರೂ ರಾಜಧಾನಿಯ ಮಹಾಯೋಜನೆ ಸಿದ್ಧಪಡಿಸಲು ವಿದೇಶಿ ಸಲಹಾ ಸಂಸ್ಥೆಗಳ ನೆರವು ಪಡೆಯಬೇಕಾಯಿತು. 2007ರಲ್ಲಿ ಅನುಮೋದನೆಗೊಂಡ ‘ಪರಿಷ್ಕೃತ ಮಹಾಯೋಜನೆ–2015’ರ ಹಿಂದೆ ಫ್ರೆಂಚ್ ಸಂಸ್ಥೆಯಿತ್ತು, 2017ರಲ್ಲಿ ಪ್ರಕಟವಾದ 2031ರ ಕರಡಿನ ಹಿಂದೆ ಡಚ್ ಸಂಸ್ಥೆ. ವ್ಯಾಪಕ ಆಕ್ಷೇಪಣೆಗಳಿಗೆ ಗುರಿಯಾದ ಆ ಕರಡನ್ನು ಸರ್ಕಾರ 2020ರಲ್ಲಿ ಹಿಂಪಡೆಯಿತು. ಪರಿಣಾಮವಾಗಿ, 2015ನ್ನು ಗುರಿಯಾಗಿಟ್ಟು ಬರೆದ ಯೋಜನೆಯೇ ಅನಂತರದ ವರ್ಷಗಳಲ್ಲೂ ನಗರಕ್ಕೆ ಆಧಾರವಾಗಿ ಉಳಿಯಿತು. ಈ ಅವಧಿಯಲ್ಲಿ ಬಡಾವಣೆಗಳು ಹಬ್ಬಿದವು, ರಾಜಕಾಲುವೆಗಳು ಒತ್ತುವರಿಯಾದವು. 2022ರ ಮಳೆಗಾಲದಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಪ್ರದೇಶ ಜಲಾವೃತವಾದಾಗ ಅದರ ಬೆಲೆ ಎಲ್ಲರಿಗೂ ಗೋಚರಿಸಿತು.

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂದಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ರಚನೆಯಾದವು. ಐದೂ ಪಾಲಿಕೆಗಳಿಗೆ ತರಬೇತಿ ಪಡೆದ ಯೋಜಕರ ಪ್ರತ್ಯೇಕ ತಂಡ ದೊರೆಯುವುದೇ ಎಂಬುದು ಈಗಿನ ಮುಖ್ಯ ಪ್ರಶ್ನೆ. ಹೊಸ ನಾಮಫಲಕದಡಿ ಹಳೆಯ ವ್ಯವಸ್ಥೆಯೇ ಮುಂದುವರಿದರೆ, ನಕ್ಷೆ ಮಂಜೂರಾತಿಯೇ ಯೋಜನೆ ಎನಿಸಿಕೊಳ್ಳುವ ಪರಿಪಾಠ ತಪ್ಪದು.

ಹುಬ್ಬಳ್ಳಿ–ಧಾರವಾಡ, ಮಂಗಳೂರು, ಕಲಬುರಗಿಯಂಥ ನಗರಗಳಿಗೂ ಈ ಮಾತು ಅನ್ವಯಿಸುತ್ತದೆ. ರಾಜಧಾನಿಯಷ್ಟು ಕೈಮೀರದ ಈ ನಗರಗಳಲ್ಲಿ ಕೆರೆ, ಕಾಲುವೆ, ರಸ್ತೆಗಳ ಜಾಗ ಉಳಿಸಿಕೊಳ್ಳಲು ಇನ್ನೂ ಕಾಲಾವಕಾಶವಿದೆ. ಯೋಜನಾ ಪದವಿಯನ್ನು ಕಡ್ಡಾಯ ಅರ್ಹತೆಯಾಗಿಸಿ ನೇಮಕಾತಿ ನಿಯಮ ತಿದ್ದುವುದು, ಖಾಲಿ ಹುದ್ದೆಗಳನ್ನು ತುಂಬುವುದು ಸರ್ಕಾರ ಇಡಬಹುದಾದ ಮೊದಲ ಹೆಜ್ಜೆ. ಅದಾಗದಿದ್ದರೆ ವಿಚಾರ ಸಂಕಿರಣಗಳ ಸಲಹೆಗಳನ್ನು ಜಾರಿಗೆ ತರಲು ಕಚೇರಿಗಳಲ್ಲಿ ಆಳುಗಳೇ ಇರುವುದಿಲ್ಲ.