ಗಮನವೆಲ್ಲ ಅರಿವಲ್ಲ

2020ರ ಜನವರಿಯಲ್ಲಿ ಇಸ್ರೋ ಸಂಸ್ಥೆಯು ಬೆಂಗಳೂರಿನಲ್ಲಿ ‘ವ್ಯೋಮಮಿತ್ರ’ವನ್ನು ಅನಾವರಣಗೊಳಿಸಿತು. ಸ್ತ್ರೀರೂಪದ, ಕಾಲುಗಳಿಲ್ಲದ ಈ ಯಂತ್ರಕ್ಕೆ ವಹಿಸಿದ ಕೆಲಸವೆಂದರೆ ಗಗನಯಾನ ನೌಕೆಯೊಳಗಿನ ಸ್ಥಿತಿಗತಿಯನ್ನು ಗಮನಿಸಿ ಎಚ್ಚರಿಸುವುದು. ಗಮನವಿದ್ದಲ್ಲಿ ಅರಿವೂ ಇರಲೇಬೇಕೆಂದು ವಾದಿಸುವವರುಂಟು. ಈ ವಾದ ಸಲ್ಲದು. ತಾನು ಉಸಿರಾಡದ ಗಾಳಿಯನ್ನು ಆ ಯಂತ್ರ ಕಾಯುತ್ತದೆ. ಗಾಳಿ ಕೆಟ್ಟರೆ ಅದಕ್ಕೇನೂ ಕೇಡಿಲ್ಲ.

ಮಧುಗಿರಿ, ಪಾವಗಡ ಸೀಮೆಯ ಕುರಿಗಾಹಿಯು ಇರುಳಿನಲ್ಲಿ ಎಲೆ ಅಲುಗಿದರೂ ಕಿವಿಗೊಡುತ್ತಾನೆ. ಚಿರತೆ ಮರಿಯನ್ನೊಯ್ದರೆ ನೋಯುವ ಕರುಳು ಅವನದು. ಆ ನೋವೇ ಗಮನವನ್ನು ಅರಿವಾಗಿಸುತ್ತದೆ. ಆದುದರಿಂದ ಅವನದು ಕಾಯಕ. ಯಂತ್ರದ್ದು ಬರಿಯ ಕೆಲಸ.

ಹಾಗೆಂದು ಮನುಷ್ಯನು ಬೀಗಬೇಕಿಲ್ಲ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯನ್ನಿರಿಸಿ, ಮನವನ್ನು ಸಂತೆಗೆ ಕಳುಹಿಸಿದ ಭಕ್ತನ ಪೂಜೆಯೂ ಯಂತ್ರದ ಕಾವಲೇ ಅಲ್ಲವೇ?