ನಿಮ್ಮ ನರ್ಸುಗಳನ್ನು ನೀವೇ ಓದಿಸಿ, ಸಚಿವರೇ

ಬ್ರಿಟನ್ನಿನ ಆರೋಗ್ಯ ಸಚಿವರಿಗೆ ಮಂಗಳೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಮಂಗಳೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ನಿಮ್ಮ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ವಾರ್ಡುಗಳಲ್ಲಿದ್ದಾರೆ. ಪತ್ರ ಕನ್ನಡದಲ್ಲಿದೆ ಎಂದು ಬದಿಗಿಡಬೇಡಿ. ಯಾವುದಾದರೂ ಆಸ್ಪತ್ರೆಯ ನೈಟ್ ಡ್ಯೂಟಿಯಲ್ಲಿ ವಿಚಾರಿಸಿ ನೋಡಿ, ಓದಿ ಹೇಳುವವರು ಸಿಕ್ಕಾರು.

2025ರ ಜುಲೈಯಲ್ಲಿ ನಿಮ್ಮ ಸರ್ಕಾರ ಪ್ರಕಟಿಸಿದ ಹತ್ತು ವರ್ಷಗಳ ಆರೋಗ್ಯ ಯೋಜನೆ, 2035ರ ಹೊತ್ತಿಗೆ ಹೊರದೇಶದ ನೇಮಕಾತಿಯನ್ನು ಶೇ. 10ಕ್ಕಿಂತ ಕೆಳಗಿಳಿಸುವುದಾಗಿ ಹೇಳಿತು. ಆ ಸುದ್ದಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಹಲವರ ಮುಖ ಸಪ್ಪಗಾಯಿತು. ನನಗೆ ಮಾತ್ರ ಅದು ಸರಿ ಅನ್ನಿಸಿತು. ಭಾರತದಲ್ಲಿ ಸಾವಿರ ಜನರಿಗೆ ಇಬ್ಬರ ಆಸುಪಾಸು ನರ್ಸುಗಳಿದ್ದಾರೆ, ನಿಮ್ಮಲ್ಲಿ ಎಂಟಕ್ಕೂ ಹೆಚ್ಚು. ಇಲ್ಲದವರ ಮನೆಯಿಂದ ಇದ್ದವರ ಮನೆಗೆ ಹೊರೆ ಹೊರುವುದು ಎಂದಾದರೂ ನಿಲ್ಲಬೇಕಲ್ಲ. ಆದ್ದರಿಂದ ಗುರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸ್ವಂತ ಮಕ್ಕಳನ್ನು ಓದಿಸುವ ಖರ್ಚು ಕಣ್ಣಿಗೆ ಬಿದ್ದಾಗಲೆಲ್ಲ ನಿಮ್ಮ ದೇಶ ಹೊರಗಿನ ನಲ್ಲಿಯನ್ನು ತಿರುಗಿಸಿದೆ, ಕೆಲಸ ಮುಗಿಯುತ್ತಲೇ ಮುಚ್ಚಿದೆ. ಈ ಸಲವಾದರೂ ಬೇರೆಯಾದೀತೇ ಎಂಬುದು ನನ್ನ ಅನುಮಾನ.

ಎನ್‌ಎಚ್‌ಎಸ್ ಹುಟ್ಟಿದ್ದು 1948ರ ಜುಲೈ 5ರಂದು. ಅಂದಿನಿಂದಲೇ ಕೈಗಳು ಸಾಲದೆ ಕೆರಿಬಿಯನ್ ದ್ವೀಪಗಳಿಂದ ಹುಡುಗಿಯರನ್ನು ಕರೆಸಿಕೊಂಡಿರಿ. ಅವರಲ್ಲಿ ಎಷ್ಟೋ ಜನರನ್ನು ಮೂರು ವರ್ಷಗಳ ಪೂರ್ಣ ನೋಂದಣಿಯ ತರಬೇತಿಗೆ ಸೇರಿಸದೆ, ಎರಡು ವರ್ಷಗಳ ಕೆಳದರ್ಜೆಯ ‘ಎನ್‌ರೋಲ್ಡ್ ನರ್ಸ್’ ತರಬೇತಿಗೆ ಹಾಕಲಾಯಿತು. ಆ ಸರ್ಟಿಫಿಕೇಟಿಗೆ ಅವರ ಊರಿನಲ್ಲಿ ಬೆಲೆಯೇ ಇರಲಿಲ್ಲ, ನಿಮ್ಮಲ್ಲಿ ಬಡ್ತಿಯ ದಾರಿಯೂ ಕಿರಿದಾಗಿತ್ತು. ಈಗ ಆ ದರ್ಜೆ ಹೋಗಿದೆ, ಚಾಳಿ ಪೂರ್ತಿ ಹೋಗಿಲ್ಲ. ಇಲ್ಲಿ ಐಸಿಯು ನಡೆಸಿದ ಅನುಭವವಿರುವ ಸಿಸ್ಟರ್ ಅಲ್ಲಿಗೆ ಬಂದಿಳಿದರೆ, ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಪಾಸಾಗಿ ನೋಂದಣಿಯ ಪಿನ್ ನಂಬರ್ ಕೈಗೆ ಬರುವವರೆಗೂ ಆಕೆ ಸಹಾಯಕಿಯೇ. ಪಿನ್ ಬಂದ ಮೇಲೂ ಅನೇಕರು ಆಗಷ್ಟೇ ಓದು ಮುಗಿಸಿದವರ ಜೊತೆ ಬ್ಯಾಂಡ್ 5 ಎಂಬ ಸಂಬಳ ಶ್ರೇಣಿಯ ತಳದ ಮೆಟ್ಟಿಲಿನಲ್ಲೇ ನಿಲ್ಲುತ್ತಾರೆ. ರೋಗಿಗಳ ಸುರಕ್ಷತೆಗಾಗಿ ಪರೀಕ್ಷೆ ಬೇಕು, ಒಪ್ಪುತ್ತೇನೆ. ಅನುಭವವನ್ನು ಲೆಕ್ಕದಿಂದ ಅಳಿಸುವುದಕ್ಕೂ ರೋಗಿಯ ಸುರಕ್ಷತೆಗೂ ಏನು ಸಂಬಂಧ?

2000ದ ಸುಮಾರಿಗೆ ಭಾರತದಿಂದಲೂ ಫಿಲಿಪೀನ್ಸಿನಿಂದಲೂ ದೊಡ್ಡ ಸಂಖ್ಯೆಯಲ್ಲಿ ಕರೆಸಿಕೊಂಡಿರಿ. 2006ರಲ್ಲಿ ಸಾಮಾನ್ಯ ನರ್ಸುಗಳನ್ನು ವೀಸಾಕ್ಕಾಗಿ ಇಟ್ಟ ಕೊರತೆಯ ಉದ್ಯೋಗಗಳ ಪಟ್ಟಿಯಿಂದ ತೆಗೆದಿರಿ. 2015ರ ಅಕ್ಟೋಬರಿನಲ್ಲಿ ಅದೇ ಪಟ್ಟಿಗೆ ಮತ್ತೆ ಸೇರಿಸಿದಿರಿ. ಬ್ರೆಕ್ಸಿಟ್ ಮತದಾನದ ನಂತರ ಯುರೋಪಿನಿಂದ ಬರುವವರು ನಿಂತೇಹೋದಂತಾಗಿ ನೋಟ ಮತ್ತೆ ನಮ್ಮತ್ತ ಹೊರಳಿತು. 50,000 ನರ್ಸುಗಳನ್ನು ಹೆಚ್ಚಿಸುತ್ತೇವೆಂದು 2019ರ ಚುನಾವಣೆಯಲ್ಲಿ ಆಗಿನ ಆಳುವ ಪಕ್ಷ ಕೊಟ್ಟ ಮಾತು 2023ರಲ್ಲಿ ಈಡೇರಿತು ಎಂದು ಘೋಷಣೆಯಾಯಿತು. ಈಡೇರಿಸಿದ್ದು ಮುಖ್ಯವಾಗಿ ಹೊರಗಿನವರು. ಈಗ ನಿಮ್ಮ ನೋಂದಣಿ ಪಟ್ಟಿಯಲ್ಲಿರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಬೇರೆ ದೇಶದಲ್ಲಿ ಓದಿದವರು. 2020ರ ಡಿಸೆಂಬರ್ 8ರಂದು ಕೊವೆಂಟ್ರಿಯಲ್ಲಿ ಲಸಿಕೆ ಅಭಿಯಾನದ ಮೊದಲ ಕೋವಿಡ್ ಚುಚ್ಚುಮದ್ದು ಕೊಟ್ಟ ಮೇ ಪಾರ್ಸನ್ಸ್ ಕೂಡ ಫಿಲಿಪೀನ್ಸಿನಿಂದ ಬಂದ ನರ್ಸ್.

ನಲ್ಲಿ ಬಿಟ್ಟಾಗ ಮಂಗಳೂರಿನಲ್ಲಿ ಏನಾಗುತ್ತದೆ ಗೊತ್ತೇ? ಓಇಟಿ, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗಳ ಕೋಚಿಂಗ್ ಬೋರ್ಡುಗಳು ಏಳುತ್ತವೆ. ತಲಪಾಡಿ ಗಡಿ ದಾಟಿ ಕೇರಳದಿಂದ ಬಂದ ಹುಡುಗಿಯರಿಗೆ ಮನೆಯವರು ಚಿನ್ನ ಅಡವಿಟ್ಟು ಫೀಸು ಕಳಿಸುತ್ತಾರೆ. ನೀವು ಮುಚ್ಚಿದಾಗ ಸದ್ದಾಗುವುದಿಲ್ಲ. ಇಂಟರ್‌ವ್ಯೂ ಮುಂದಕ್ಕೆ ಹೋಗುತ್ತದೆ, ಏಜೆನ್ಸಿಯವರು ಫೋನ್ ಎತ್ತುವುದಿಲ್ಲ, ಎರಡು ವರ್ಷ ಮಾತ್ರ ನಡೆಯುವ ಭಾಷಾ ಪರೀಕ್ಷೆಯ ಅಂಕಪಟ್ಟಿ ಹಳತಾಗುತ್ತದೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ.

ಇನ್ನು ನಿಮ್ಮ ಮನೆಯ ಮಾತು. ನರ್ಸಿಂಗ್ ಓದುವವರಿಗೆ ನೀವು ಹಿಂದೆ ಭತ್ಯೆ ಕೊಡುತ್ತಿದ್ದಿರಿ, ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು. 2017ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ ಅದನ್ನು ತೆಗೆದು, ಸಾಲ ಮಾಡಿ ಓದಿ ಎಂದಿರಿ. ಖಜಾನೆಯ ಭಾರ ಇಳಿದರೆ ಸೀಟುಗಳು ತಾವಾಗಿ ಹೆಚ್ಚುತ್ತವೆ ಎಂಬುದು ಆಗಿನ ವಾದ. ಆದದ್ದು ಬೇರೆ, ಅರ್ಜಿ ಹಾಕುವವರೇ ಕಡಿಮೆಯಾದರು. ಅದರಲ್ಲೂ ಮನೆ, ಮಕ್ಕಳು ಇದ್ದು ಸ್ವಲ್ಪ ತಡವಾಗಿ ಈ ವೃತ್ತಿಗೆ ಬರುತ್ತಿದ್ದ ಹೆಂಗಸರು. ಒಳ್ಳೆಯ ನರ್ಸುಗಳಾಗುವವರು ಹೆಚ್ಚಾಗಿ ಇಂಥವರೇ ಎಂಬುದು ಪಾಠ ಹೇಳಿ ನನಗೆ ಬಂದ ನಂಬಿಕೆ. 2020ರಿಂದ ವರ್ಷಕ್ಕೆ 5,000 ಪೌಂಡ್ ನೆರವು ಮರಳಿ ಬಂತು, ಶುಲ್ಕದ ಸಾಲ ಹಾಗೆಯೇ ಉಳಿಯಿತು. 2025–26ರಲ್ಲಿ ಶುಲ್ಕ ವರ್ಷಕ್ಕೆ 9,535 ಪೌಂಡ್ ಇತ್ತು. ಮೂರು ವರ್ಷಕ್ಕೆ ಅದೊಂದೇ 28,000 ದಾಟುತ್ತಿತ್ತು. ಅದೇ ವರ್ಷ, ಕೆಲಸಕ್ಕೆ ಸೇರಿದ ದಿನದ ವಾರ್ಷಿಕ ಸಂಬಳ 31,049 ಇತ್ತು.

ಇಷ್ಟೇ ಆಗಿದ್ದರೆ ಬೇರೆ ಪದವಿಗಳಂತೆ ಇದೂ ಒಂದು ಎನ್ನಬಹುದಿತ್ತು. ಆದರೆ ನಿಮ್ಮ ನರ್ಸಿಂಗ್ ವಿದ್ಯಾರ್ಥಿ 4,600 ಗಂಟೆಗಳ ತರಬೇತಿ ಮುಗಿಸಬೇಕು, ಅದರಲ್ಲಿ ಅರ್ಧ ಪ್ರಾಯೋಗಿಕ ಕೆಲಸ. ಇತಿಹಾಸ ಓದುವ ಹುಡುಗ ಸಂಜೆ ಹೋಟೆಲಿನಲ್ಲಿ ದುಡಿದು ಕೈಖರ್ಚು ನೋಡಿಕೊಂಡಾನು. ಹನ್ನೆರಡು ಗಂಟೆಯ ಶಿಫ್ಟಿನಲ್ಲಿ ರೋಗಿಗಳನ್ನು ಎತ್ತಿ, ಒರೆಸಿ, ಉಣ್ಣಿಸಿ ಬಂದವಳು ಆಮೇಲೆ ಎಲ್ಲಿ ದುಡಿಯಬೇಕು? ದುಡಿಮೆಯೂ ಅವಳದೇ, ಅದಕ್ಕೆ ಶುಲ್ಕ ಕಟ್ಟುವವಳೂ ಅವಳೇ. (ಇದನ್ನು ಬರೆಯುವಾಗ ನನಗೂ ಮುಜುಗರವಿದೆ. ಪೋಸ್ಟಿಂಗಿನ ಹೆಸರಲ್ಲಿ ವಿದ್ಯಾರ್ಥಿನಿಯರಿಂದ ಪುಕ್ಕಟೆ ವಾರ್ಡ್ ನಡೆಸುವ ಖಾಸಗಿ ಆಸ್ಪತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ.) ಓದಿಗೆ ಸೇರಿದ ಸುಮಾರು ನಾಲ್ವರಲ್ಲಿ ಒಬ್ಬರು ಅರ್ಧಕ್ಕೆ ಬಿಡುತ್ತಾರೆ ಎಂಬುದು ನಿಮ್ಮ ದೇಶದವರದೇ ಲೆಕ್ಕ. ಪಕ್ಕದ ಸ್ಕಾಟ್ಲೆಂಡ್ ಭತ್ಯೆಯನ್ನು ತೆಗೆಯಲೇ ಇಲ್ಲ, ವರ್ಷಕ್ಕೆ 10,000 ಪೌಂಡಿಗೆ ಏರಿಸಿತು. ವೇಲ್ಸ್ ಕೂಡ ಉಳಿಸಿಕೊಂಡು, ಪ್ರತಿಯಾಗಿ ಎರಡು ವರ್ಷ ಅಲ್ಲಿಯೇ ಕೆಲಸ ಮಾಡಿ ಎಂದಿತು. ಅದು ನ್ಯಾಯದ ಕರಾರು. ಮಾದರಿ ಹುಡುಕಲು ನೀವು ದೂರ ಹೋಗಬೇಕಿಲ್ಲ.

2023ರ ಜೂನಿನ ದೀರ್ಘಾವಧಿ ಸಿಬ್ಬಂದಿ ಯೋಜನೆ 2031ರ ವೇಳೆಗೆ ನರ್ಸಿಂಗ್ ತರಬೇತಿ ಸೀಟುಗಳನ್ನು 54,000ದ ಹತ್ತಿರಕ್ಕೆ ಒಯ್ಯುವುದಾಗಿ ಹೇಳಿತ್ತು. ಎರಡೇ ವರ್ಷದಲ್ಲಿ, ಓದು ಮುಗಿಸಿದ ನಿಮ್ಮ ಹುಡುಗಿಯರಿಗೇ ಕೆಲಸ ಸಿಗದೆ, 2025ರ ಆಗಸ್ಟಿನಲ್ಲಿ ‘ಪದವೀಧರರಿಗೆ ಖಾತರಿ’ ಎಂಬ ಕೆಲಸದ ಭರವಸೆಯನ್ನು ಸರ್ಕಾರ ಪ್ರಕಟಿಸಬೇಕಾಯಿತು. ವಾರ್ಡಿನಲ್ಲಿ ಕೈ ಸಾಲದು, ಬಾಗಿಲಲ್ಲಿ ಓದಿದವರು ಕಾಯುತ್ತಿದ್ದಾರೆ. ನಡುವೆ ಇಲ್ಲದಿರುವುದು ಹುದ್ದೆಗೆ ಬೇಕಾದ ದುಡ್ಡು. ಹಾಗಾದರೆ ಇಷ್ಟು ದಿನ ನೀವು ಕೊರತೆ ಎಂದದ್ದು ಯಾವುದರ ಕೊರತೆ?

ಅಲ್ಲಿಗೆ ಬಂದು ನೆಲೆಸಿದವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಐದು ವರ್ಷ ದುಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು ಎಂಬ ನಿಯಮ ನೋಡಿ ಅವರು ಬಂದರು. 2025ರ ಮೇ ತಿಂಗಳ ಶ್ವೇತಪತ್ರ ಅದನ್ನು ಹತ್ತು ಮಾಡುವ ಮಾತಾಡಿತು. ಹೊಸದಾಗಿ ಬರುವವರಿಗೆ ಬೇಕಾದ ನಿಯಮ ಮಾಡಿ, ಅದು ನಿಮ್ಮ ಹಕ್ಕು. ಆಗಲೇ ಬಂದವರಿಗೆ, ಕೋವಿಡ್ ವಾರ್ಡಿನಲ್ಲಿ ನಿಂತವರಿಗೆ, ಅರ್ಧ ದಾರಿಯಲ್ಲಿ ಕರಾರು ಬದಲಿಸಬೇಡಿ.

ನರ್ಸುಗಳು ಊರು ಬಿಡುವುದಕ್ಕೆ ಬಯ್ಯಬೇಕಾದ್ದು ನಿಮ್ಮನ್ನೊಬ್ಬರನ್ನೇ ಅಲ್ಲ. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2016ರಲ್ಲಿ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿನ ತಿಂಗಳ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದಿತು. ಅದು ಇನ್ನೂ ಪೂರ್ತಿ ಜಾರಿಯಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಎಷ್ಟೋ ಹುದ್ದೆಗಳು ಗುತ್ತಿಗೆಯವು. ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ, ಗುಣದ ಮಾತು ಕೇಳಬೇಡಿ. ಈ ಜಗಳವನ್ನು ನಾವು ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆಡಿಕೊಳ್ಳುತ್ತೇವೆ.

ನಿಮಗೆ ಹೇಳಬೇಕಾದ್ದು ಇಷ್ಟು. ‘ಭಾರತದಲ್ಲಿ ವರ್ಷವರ್ಷವೂ ಲಕ್ಷಗಟ್ಟಲೆ ನರ್ಸುಗಳು ಹೊರಬರುತ್ತಾರೆ, ಒಂದಷ್ಟು ಜನ ಬಂದರೆ ನಷ್ಟವೇನು’ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಿಮ್ಮ ಆಸ್ಪತ್ರೆಗಳು ಹೆಚ್ಚಾಗಿ ಆರಿಸುವುದು ನಿನ್ನೆ ಪಾಸಾದವಳನ್ನಲ್ಲ. ನಾಲ್ಕಾರು ವರ್ಷ ಐಸಿಯುನಲ್ಲೋ ಆಪರೇಷನ್ ಥಿಯೇಟರಿನಲ್ಲೋ ಪಳಗಿದವಳನ್ನು. ಅವಳು ಹೋದರೆ ಹೋಗುವುದು ಒಂದು ಜೋಡಿ ಕೈಯಲ್ಲ. ನನ್ನ ಮೂರನೇ ವರ್ಷದ ವಿದ್ಯಾರ್ಥಿನಿಯ ಪಕ್ಕದಲ್ಲಿ ನಿಂತು ‘ಡ್ರಿಪ್ ಹೀಗಲ್ಲಮ್ಮ, ಹೀಗೆ’ ಎನ್ನುವವರೇ ಹೋಗುತ್ತಾರೆ. ಕ್ಲಾಸಿನಲ್ಲಿ ನಾನು ಎಷ್ಟು ಹೇಳಿದರೂ ಆ ಜಾಗ ತುಂಬುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2010ರ ನೇಮಕಾತಿ ಸಂಹಿತೆ, ಸಿಬ್ಬಂದಿಯನ್ನು ಕಳಿಸುವ ದೇಶಕ್ಕೂ ಪ್ರಯೋಜನ ಸಿಗಬೇಕು ಎನ್ನುತ್ತದೆ. 2022ರ ಜುಲೈಯಲ್ಲಿ ನಮ್ಮೆರಡು ದೇಶಗಳ ನಡುವೆ ಆರೋಗ್ಯ ಸಿಬ್ಬಂದಿಯ ಕುರಿತ ಒಪ್ಪಂದವೂ ಆಗಿದೆ. ಅದಕ್ಕೊಂದು ಕಲಮು ಸೇರಿಸಿ: ಇಲ್ಲಿಂದ ಕರೆದೊಯ್ದ ಇಂತಿಷ್ಟು ನರ್ಸುಗಳಿಗೆ ಪ್ರತಿಯಾಗಿ, ನಮ್ಮ ವೆನ್ಲಾಕಿನಂಥ ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹುದ್ದೆಯ ಸಂಬಳವನ್ನು ಬ್ರಿಟನ್ ಭರಿಸಬೇಕು, ಆ ಲೆಕ್ಕ ವರ್ಷಕ್ಕೊಮ್ಮೆ ಎರಡೂ ಕಡೆ ಪ್ರಕಟವಾಗಬೇಕು. ಇಂಥದ್ದನ್ನು ಬರೆಯುವುದು ನಿಮ್ಮವರಿಗೆ ಹೊಸತಲ್ಲ. ಇಷ್ಟು ತಿಂಗಳೊಳಗೆ ಬಿಟ್ಟುಹೋದರೆ ವೀಸಾ, ವಿಮಾನ ಟಿಕೆಟ್, ಪರೀಕ್ಷೆಯ ಖರ್ಚನ್ನು ವಾಪಸು ಕೊಡಬೇಕು ಎಂದು ಹೊರದೇಶದ ನರ್ಸಿನ ಕರಾರಿನಲ್ಲಿ ಬರೆಯುವ ಆಸ್ಪತ್ರೆಗಳು ನಿಮ್ಮಲ್ಲಿವೆ. ಅವಳನ್ನು ಓದಿಸಿದ ಊರಿಗೆ ಸಲ್ಲಬೇಕಾದ್ದನ್ನೂ ಅದೇ ಪೆನ್ನಿನಲ್ಲಿ ಬರೆಯಿಸಿ.

ಇಂತಿ,
ಒಬ್ಬ ನರ್ಸಿಂಗ್ ಅಧ್ಯಾಪಕಿ
ಮಂಗಳೂರು