ಲೆನ್ಸ್ ಗಿಡ್ಡ, ಕೈ ಉದ್ದ

ಆಫೀಸಿನ ಊಟದ ಟೇಬಲ್ಲಿನಲ್ಲಿ, ಹೊಸದಾಗಿ ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಕೊಂಡವರಿಗೆಲ್ಲ ಸಿಗುವ ಉಪದೇಶ ಒಂದೇ: "ಮ್ಯಾಕ್ರೋ ಬೇಕಾ? 30 ಎಂಎಂ ತಗೋ ಗುರು. ಹಗುರ, ಅಗ್ಗ. 60 ಆದ್ರೂ 1:1, ಇದೂ 1:1. ಮತ್ಯಾಕೆ ದುಡ್ಡು ದಂಡ?"

ಈ ಉಪದೇಶ ಅರ್ಧ ಸತ್ಯ. 1:1 ಅಂದರೆ ಹುಳು ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡದಾಗಿ ಸೆನ್ಸರ್ ಮೇಲೆ ಮೂಡುವುದು. ಅದು ಎರಡರಲ್ಲೂ ಆಗುತ್ತದೆ. ಆದರೆ ಅದಕ್ಕಾಗಿ ನೀವೆಷ್ಟು ಹತ್ತಿರ ಹೋಗಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಒಲಿಂಪಸ್ 30 ಎಂಎಂ ಅನ್ನು ಅದರ ಗರಿಷ್ಠ ಮಿತಿಗೆ ಒಯ್ದರೆ ಲೆನ್ಸಿಗೂ ಹುಳಕ್ಕೂ ನಡುವೆ ಉಳಿಯುವುದು 14 ಮಿಲಿಮೀಟರ್. ರೂಪಾಯಿ ನಾಣ್ಯದ ಅಗಲವೂ ಅಲ್ಲ! ಸೋನಿ 30ರಲ್ಲಿ ಸುಮಾರು 2.4 ಸೆಂಟಿಮೀಟರ್. ಒಲಿಂಪಸ್ 60ರಲ್ಲಿ ಸುಮಾರು 9 ಸೆಂಟಿಮೀಟರ್. "ಕನಿಷ್ಠ ಫೋಕಸ್ ದೂರ 9.5 ಸೆಂ.ಮೀ." ಎಂದು ಓದಿ ಮೋಸಹೋಗಬೇಡಿ. ಅದನ್ನು ಅಳೆಯುವುದು ಸೆನ್ಸರ್‌ನಿಂದ. ಲೆನ್ಸಿನ ಉದ್ದವೂ ಅದರೊಳಗೇ ಸೇರಿರುತ್ತದೆ.

ಹಗುರ ಅನ್ನುವ ವಾದ ನೋಡೋಣ. ಒಲಿಂಪಸ್ 30ರ ತೂಕ 128 ಗ್ರಾಂ, 60ರದ್ದು 185. ವ್ಯತ್ಯಾಸ ಒಂದು ಕೋಳಿಮೊಟ್ಟೆ! ಗಿಡ್ಡ ಲೆನ್ಸಿನಲ್ಲಿ ಹೆಚ್ಚು ಭಾಗ ಫೋಕಸ್ ಆಗುತ್ತದೆ ಅನ್ನುವವರೂ ಇದ್ದಾರೆ. ಅಪರ್ಚರ್ ಅದೇ, ಚಿತ್ರದಲ್ಲಿ ಹುಳದ ಗಾತ್ರವೂ ಅದೇ ಆದರೆ ಆ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ಅಷ್ಟು ಹತ್ತಿರ ಹೋದಾಗ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ.

ನಾನು ಕರ್ಕಿಯವನು. ನಮ್ಮಲ್ಲಿ ಗೇರುಮರ ಹತ್ತಿದವರಿಗೆಲ್ಲ ಚಗಳಿಯ ಪರಿಚಯ ಇದ್ದೇ ಇರುತ್ತದೆ. ಅದರ ಮುಖಕ್ಕೆ ಲೆನ್ಸ್ ಒಡ್ಡಿ ನೋಡಿ, ಹತ್ತಿಕೊಂಡು ಬಂದು ಬೆರಳು ಕಚ್ಚುತ್ತದೆ. ಆದರೆ ಚಗಳಿಯದೇ ವೇಷ ಹಾಕಿಕೊಂಡು ಅದರ ಪಕ್ಕದಲ್ಲೇ ಬದುಕುವ ಒಂದು ಜೇಡ ಇದೆ. ಅದು ಕಚ್ಚಲು ಬರುವುದಿಲ್ಲ, ಎಲೆಯ ಆಚೆ ಬದಿಗೆ ನುಸುಳಿ ತಪ್ಪಿಸಿಕೊಳ್ಳುತ್ತದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದು, ಭಾನುವಾರ ವಾಪಸ್ ಹೊರಡುವವನಿಗೆ ಅದು ತಿರುಗಿ ಬರುವವರೆಗೆ ಕಾಯಲು ಪುರುಸೊತ್ತೆಲ್ಲಿ? ಎಲೆ ಕೀಳುತ್ತಾನೆ. ಹುಳವನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ 'ಪೋಸ್' ಕೊಡಿಸುವವರೂ ಇದ್ದಾರೆ. ಲೆನ್ಸ್ ಗಿಡ್ಡವಾದಷ್ಟೂ ಕೈ ಉದ್ದವಾಗುತ್ತದೆ. ನೀವು ಉಳಿಸಿದ ದುಡ್ಡಿನ ದಂಡ ಆ ಹುಳ ಕಟ್ಟುತ್ತದೆ.

ಹೊನ್ನಾವರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಅಲ್ಲಿನ ಹಳ್ಳಗಳಲ್ಲಿರುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಮಳೆಗಾಲದ ರಾತ್ರಿ ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಅಂಥ ಕೆಲಸದ ನಡುವೆ ಅದರ ಮೂತಿಗೆ ಲೆನ್ಸ್, ಟಾರ್ಚು ಹಿಡಿದರೆ ಏನಾಗಬಹುದು, ನೀವೇ ಹೇಳಿ. ಅಲ್ಲಿ 60 ಹಿಡಿದವನೂ ಕಾಲಿಡುವ ಜಾಗ ನೋಡಿಯೇ ಇಡಬೇಕು. ಉದ್ದ ಲೆನ್ಸ್ ಯಾರನ್ನೂ ಸಾಧು ಮಾಡುವುದಿಲ್ಲ ಮಾರಾಯ್ರೆ. ದೂರ ನಿಲ್ಲುವುದಕ್ಕೆ ಒಂದು ಅವಕಾಶ ಕೊಡುತ್ತದೆ, ಅಷ್ಟೇ.

ಸಣ್ಣ ಕ್ಯಾಮೆರಾದ ದೊಡ್ಡ ಗುಣವೇ ಇದು. ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಅಗಲ 17.3 ಮಿಲಿಮೀಟರ್. ಎರಡಿಂಚಿನ ಚಿಟ್ಟೆ ಫ್ರೇಮ್ ತುಂಬಲು 1:1 ಬೇಕಾಗಿಯೇ ಇಲ್ಲ; ಇನ್ನಷ್ಟು ಹಿಂದೆ ಸರಿಯಬಹುದು. ಈ ಅನುಕೂಲ ಕೈಯಲ್ಲಿಟ್ಟುಕೊಂಡು 30 ಕೊಂಡು ಮತ್ತೆ ಮೈಮೇಲೆ ಬೀಳುವುದು ಯಾವ ಲೆಕ್ಕಾಚಾರ?

ಅಂಗಡಿಯಲ್ಲಿ "ಎಷ್ಟು ದೊಡ್ಡದು ತೋರಿಸುತ್ತೆ?" ಅಂತ ಕೇಳುವ ಮೊದಲು "ಎಷ್ಟು ದೂರದಿಂದ?" ಅಂತ ಕೇಳಿ. ಸೆಕೆಂಡ್‌ಹ್ಯಾಂಡ್ ಆದರೂ ಪರವಾಗಿಲ್ಲ, 60ಕ್ಕೆ ದುಡ್ಡು ಕೂಡಿಸಿ. ಈಗಾಗಲೇ ಗಿಡ್ಡ ಲೆನ್ಸ್ ಕೊಂಡಾಗಿದೆಯಾ? ಹೂವು ತೆಗೆಯಿರಿ, ಪಾಚಿ ತೆಗೆಯಿರಿ, ಅಜ್ಜಿಯ ಬುಗುಡಿ ತೆಗೆಯಿರಿ. ಅವು ಹೆದರಿ ಓಡಿಹೋಗುವುದಿಲ್ಲ.